ಗ್ಯಾಸ್ ಸುಗ್ರಮ್ಮನೂ ಭಾರತಮ್ಮನ ಉಷ್ಣವೂ

ಮುಳಬಾಗಿಲಿನಲ್ಲಿ ಹೆದ್ದಾರಿಗೆ ಹೊಂದಿಕೊಂಡ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ಬೋಂಡದ ಅಂಗಡಿಗೂ ನಡುವೆ, ಒಂದು ತಗಡಿನ ಶೆಡ್ಡು ಇದೆ. ಅದರ ಒಡತಿಯ ಹೆಸರು ಸುಗ್ರಾ. ಊರವರ ಬಾಯಲ್ಲಿ ಗ್ಯಾಸ್ ಸುಗ್ರಮ್ಮ. ಈ ಹೆಸರು ಕೇಳಿದ ಹೊಸಬರು ಅಡಿಗೆ ಗ್ಯಾಸಿನ ಏಜೆನ್ಸಿ ಅಂದುಕೊಂಡು ತಿಂಗಳಿಗೊಬ್ಬರಾದರೂ ಖಾಲಿ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಬರುತ್ತಾರೆ. ಸುಗ್ರಾ ಅವರಿಗೆ ನೀರು ಕೊಟ್ಟು, ಐದು ನಿಮಿಷ ಕೂರಿಸಿ, ಏಜೆನ್ಸಿಯ ದಾರಿ ತೋರಿಸಿ ಕಳಿಸುತ್ತಾಳೆ. ಅವಳು ಗ್ಯಾಸ್ ತುಂಬುವುದು ಕಾರುಗಳ ಎಸಿಗೆ.

ಹೆಂಗಸೊಬ್ಬಳು ಈ ಕೆಲಸಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ಅವಳ ಗಂಡ ಜಾನ್ ಪಾಷಾ ಬಹಳ ಹೆಮ್ಮೆಯಿಂದ ತನ್ನ ಎಡಗಾಲನ್ನು ತೋರಿಸುತ್ತಾನೆ. ಶೆಡ್ಡು ಮೊದಲು ಅವನದು. ಫ್ರಿಜ್ಜು, ಕೂಲರು, ಕಾರಿನ ಎಸಿ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ. ಕೈಯಲ್ಲಿ ಕಸುಬಿತ್ತು, ಆದರೆ ಕಾಯುವ ತಾಳ್ಮೆ ಇರಲಿಲ್ಲ. ಕಾರಿನ ಎಸಿ ರಿಪೇರಿಯಾದ ಮೇಲೆ ಪೈಪುಗಳೊಳಗೆ ಸೇರಿಕೊಂಡ ಗಾಳಿಯನ್ನೂ ತೇವವನ್ನೂ ಪಂಪು ಹಚ್ಚಿ ಮುಕ್ಕಾಲು ಗಂಟೆ ಎಳೆಯಬೇಕು. ಜಾನ್ ಪಾಷಾ ಹತ್ತು ನಿಮಿಷ ಎಳೆದು, ಒಂದು ಬೀಡಿ ಸೇದಿ, "ಆಯ್ತು ತಗೊಂಡೋಗಿ" ಅನ್ನುತ್ತಿದ್ದ. ಕಾರು ಹೋದಷ್ಟೇ ವೇಗವಾಗಿ ತಿರುಗಿ ಬರುತ್ತಿತ್ತು. ಹೀಗಿರುವಾಗ ಒಂದು ಕಲ್ಯಾಣ ಮಂಟಪದ ಕೂಲರ್ ಬಿಚ್ಚಲು ಏಣಿ ಹತ್ತಿದವನು ಜಾರಿ, ಬಾಳೆ ಎಲೆಯ ರಾಶಿಯ ಮೇಲೆ ಬೀಳುವ ಬದಲು ಅದರ ಪಕ್ಕದಲ್ಲಿ ಬಿದ್ದ. ಮೂರು ತಿಂಗಳು ಕಾಲಿಗೆ ಪಟ್ಟಿ. ಶೆಡ್ಡಿನ ಮೂಲೆಯಲ್ಲಿ ಮಂಚ ಹಾಕಿಸಿಕೊಂಡು ಮಲಗಿದ ಅವನು ಬಾಯಲ್ಲಿ ಹೇಳುತ್ತಿದ್ದ, ಸುಗ್ರಾ ಕೈಯಲ್ಲಿ ಮಾಡುತ್ತಿದ್ದಳು.

ಸುಗ್ರಾಳ ತವರಿನವರು ರೇಷ್ಮೆಗೂಡಿನಿಂದ ನೂಲು ತೆಗೆಯುವವರು. ಗೂಡು ಎಷ್ಟು ಹೊತ್ತು ಬೇಯಬೇಕೋ ಅಷ್ಟು ಹೊತ್ತು ಅದರ ಮುಂದೆ ಕೂತಿರುವುದು, ತೂಕದ ಮುಳ್ಳು ನಿಲ್ಲುವ ತನಕ ಕಣ್ಣು ಮಿಟುಕಿಸದೆ ನೋಡುವುದು ಅವಳಿಗೆ ಹತ್ತು ವರ್ಷದ ವಯಸ್ಸಿನಿಂದಲೇ ಅಭ್ಯಾಸ. ಮುಕ್ಕಾಲು ಗಂಟೆ ಅಂದರೆ ಮುಕ್ಕಾಲು ಗಂಟೆ ಕಾದಳು. ನಾನೂರೈವತ್ತು ಗ್ರಾಂ ಗ್ಯಾಸ್ ಅಂದರೆ ನಾನೂರೈವತ್ತೊಂದು ಆಗಲು ಬಿಡಲಿಲ್ಲ. ಹೋದ ಕಾರುಗಳು ತಿರುಗಿ ಬರುವುದು ನಿಂತಿತು. ಮೊದಲ ತಿಂಗಳು ಜಾನ್ ಪಾಷಾ ಇದನ್ನು ಕಂಡು ಗಾಬರಿಯಾದ. ವ್ಯಾಪಾರ ಬಿದ್ದುಹೋಯಿತು ಅಂದುಕೊಂಡ. ಪಟ್ಟಿ ಬಿಚ್ಚಿ ಅವನು ಎದ್ದು ನಿಲ್ಲುವ ಹೊತ್ತಿಗೆ ಬಂದವರೆಲ್ಲ "ಅಮ್ಮ ಇಲ್ವಾ?" ಎಂದು ಕೇಳತೊಡಗಿದ್ದರು. ಅವನಿಗೆ ಬೇಜಾರಾಗಲಿಲ್ಲ. "ನನ್ ಮೂಳೆ ಮುರಿದಿದ್ದೇ ಬರ್ಕತ್" ಎನ್ನುತ್ತ ಫ್ರಿಜ್ಜುಗಳ ಕಡೆಗೆ ಸರಿದುಕೊಂಡ. ಗಿರಾಕಿಗಳಿಗೆ ಚಹಾ ತರುವುದು, ಅವರೊಡನೆ ಮಾತಾಡುವುದು ಅವನ ಪಾಲಿಗೆ ಬಂತು. ಮಾತಿಗೆ ತಾಳ್ಮೆ ಬೇಡವಲ್ಲ.

ಹನ್ನೊಂದು ವರ್ಷ ಸುಗ್ರಾಳ ಕೈಯಿಂದ ಹೋದ ಕಾರು ಬಿಸಿಗಾಳಿ ಬಿಡುತ್ತ ವಾಪಸು ಬಂದಿರಲಿಲ್ಲ. ಹೋದ ಬೇಸಿಗೆಯಲ್ಲಿ ದೇವರಾಯಸಮುದ್ರದ ದೊಡ್ಡಮುನಿಯಪ್ಪನ ಬಿಳಿ ಕಾರು ಬಂತು.

ದೊಡ್ಡಮುನಿಯಪ್ಪ ಟೊಮೆಟೊ ಬೆಳೆಯುವವನು, ಎರಡು ಸೀಮೆ ಹಸು ಕಟ್ಟಿದವನು. ಅರವತ್ತು ತುಂಬಿದ ಮೇಲೆ ಡ್ರೈವಿಂಗ್ ಕಲಿತ. ಕಾರು ಮಾಲೂರಿನ ಇಟ್ಟಿಗೆ ಗೂಡಿನ ಯಜಮಾನರೊಬ್ಬರಿಂದ ಕೊಂಡ ಹಳೆಯದು. ಒಂದು ದಿನ ಬೆಳಿಗ್ಗೆ ಹಾಲಿನ ಡೇರಿಯ ಅಂಗಳದಲ್ಲಿ ಬ್ರೇಕ್ ಒತ್ತುವ ಬದಲು ಅದರ ಪಕ್ಕದ್ದನ್ನು ಒತ್ತಿ, ಪೇರಿಸಿಟ್ಟ ಖಾಲಿ ಕ್ಯಾನುಗಳಿಗೆ ಗುದ್ದಿದ. ಕ್ಯಾನುಗಳು ಊರ ತುಂಬ ಉರುಳಿದವು. ಕಾರಿನ ಮೂತಿ ಒಳಗೆ ಹೋಗಿ ಎಸಿಯ ಕಂಡೆನ್ಸರ್ ಹರಿಯಿತು. ಇದ್ದಬದ್ದ ಗ್ಯಾಸೆಲ್ಲ ಬುಸ್ಸೆಂದು ಹೋಯಿತು. ಕೋಲಾರದಲ್ಲಿ ಮೂತಿ ಸರಿಮಾಡಿಸಿ, ಹೊಸ ಕಂಡೆನ್ಸರ್ ಹಾಕಿಸಿ, ಗ್ಯಾಸ್ ತುಂಬಿಸಲು ಸುಗ್ರಾಳ ಹತ್ತಿರ ಬಂದ.

"ಬೇಗ ಹಾಕಮ್ಮ ತಾಯಿ, ಅರ್ಧ ಗಂಟೇಲಿ ಹೊರಡ್ಬೇಕು" ಅಂದ.

"ಅರ್ಧ ಗಂಟೇಲಿ ಬೇಕಂದ್ರೆ ಪಕ್ಕದಂಗಡೀಲಿ ಬೋಂಡ ಸಿಗತ್ತೆ ಮುನಿಯಪ್ಪಣ್ಣ. ಎಸಿ ಬೇಕಂದ್ರೆ ಕೂತ್ಕೊಳ್ಳಿ."

ಅವನು ಕೂತ. ಬೋಂಡವನ್ನೂ ತರಿಸಿಕೊಂಡ. ಸುಗ್ರಾ ಪೈಪಿನ ಕೀಲುಗಳಿಗೆಲ್ಲ ಸೋಪಿನ ನೊರೆ ಬಳಿದು, ಒಳಗೆ ಒತ್ತಡ ಕೊಟ್ಟು, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ನೋಡಿದಳು. ಏಳಲಿಲ್ಲ. ಆಮೇಲೆ ಗಾಳಿ ಬರುವ ಕಿಂಡಿಗೆ ಫ್ಯಾನು ಹಾಕಿದಳು. ಕಿಂಡಿಯಿಂದ ಕೆಂಪು ಧೂಳು ಭರ್ರೆಂದು ಬಂದು ಬಾಗಿಲ ಬಳಿ ನಿಂತಿದ್ದ ಜಾನ್ ಪಾಷಾನ ಬಿಳಿ ಗಡ್ಡಕ್ಕೆ ಗೋರಂಟಿ ಬಣ್ಣ ಬಂತು. ಇಟ್ಟಿಗೆ ಗೂಡಿನ ಧೂಳು ವರ್ಷಗಟ್ಟಲೆ ಒಳಗೆ ಸೇರಿ ಕೂಲಿಂಗ್ ಕಾಯಿಲಿಗೆ ಗಾರೆಯಂತೆ ಮೆತ್ತಿಕೊಂಡಿತ್ತು. ಸುಗ್ರಾ ಎಡಗಡೆ ಸೀಟಿನ ಎದುರಿಗಿದ್ದ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯನ್ನು ಬಿಚ್ಚಿ, ಹಿಂದಿದ್ದ ಕಾಯಿಲನ್ನು ತೊಳೆದು ಒಣಗಿಸಿ, ಪೆಟ್ಟಿಗೆಯನ್ನು ಮತ್ತೆ ಕೂರಿಸಿದಳು. ಅದಾದ ಮೇಲೆ ಪಂಪು ಹಚ್ಚಿದಳು.

ದೊಡ್ಡಮುನಿಯಪ್ಪ ಬೋಂಡ ಮುಗಿಸಿ ಬಂದು ಮೀಟರಿನ ಮುಳ್ಳು ಸೊನ್ನೆಗಿಂತ ಕೆಳಕ್ಕೆ ಹೋಗುವುದನ್ನು ನೋಡಿದ.

"ಇದೇನಮ್ಮ? ಹಾಕು ಅಂದ್ರೆ ತೆಗೀತಾ ಇದ್ದೀಯಾ?"

"ಜಾಡಿ ಒಣಗಿಸ್ದೆ ಉಪ್ಪಿನಕಾಯಿ ಹಾಕ್ತಾರಾ ಅಣ್ಣ? ಒಂದ್ ಹನಿ ನೀರಿದ್ರೂ ಕೆಟ್ಟೋಗತ್ತೆ. ಇದೂ ಹಂಗೇ."

ಇದು ಅವನಿಗೆ ಅರ್ಥವಾಯಿತು. ಆದರೆ ಗ್ಯಾಸಿನ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಸುಗ್ರಾ ತೂಕ ನೋಡಿ ತುಂಬತೊಡಗಿದಾಗ ಸಂತೆಯ ಬುದ್ಧಿ ಎಚ್ಚರವಾಯಿತು. ಅವಳು ವಾಲ್ವ್ ಮುಚ್ಚಿದ ಕೂಡಲೇ, "ಅಮ್ಮಾ, ಒಂಚೂರು ಕೊಸರು ಹಾಕು" ಅಂದ.

"ಎಸಿಗೆ ಕೊಸರು ಹಾಕಂಗಿಲ್ಲ ಅಣ್ಣ. ಜಾಸ್ತಿ ಆದ್ರೆ ತಣ್ಣಗಾಗೋದು ಕಮ್ಮಿ ಆಗತ್ತೆ."

"ಅದೆಂಗಮ್ಮ? ನಾನು ಒಂದ್ ಕೆಜಿ ಟೊಮೆಟೊಗೆ ಎರಡು ಹಣ್ಣು ಕೊಸರು ಹಾಕಲ್ವಾ? ಯಾರಿಗಾದ್ರೂ ಸಾರು ಕೆಟ್ಟೋಯ್ತಾ?"

ಸುಗ್ರಾ ಕಿಂಡಿಗೆ ಥರ್ಮಾಮೀಟರಿನ ಕಡ್ಡಿ ಸಿಕ್ಕಿಸಿದಳು. ಹೊರಗೆ ಕತ್ತರಿ ಬಿಸಿಲು. ಕಾರಿನೊಳಗೆ ಮುಳ್ಳು ಇಳಿಯುತ್ತ ಇಳಿಯುತ್ತ ಏಳು ಡಿಗ್ರಿಗೆ ಬಂದು ನಿಂತಿತು. ದೊಡ್ಡಮುನಿಯಪ್ಪ ಮುಖವನ್ನು ಕಿಂಡಿಗೆ ಹಚ್ಚಿ ಕಣ್ಣು ಮುಚ್ಚಿಕೊಂಡು "ಅಬ್ಬಬ್ಬಬ್ಬ, ಎಂಥಾ ಸಲ್ಲಗಾ ಉಂದಮ್ಮಾ!" ಎಂದ. ಬಹಳ ಸಂತೋಷವಾದರೆ ಅವನಿಗೆ ತಣ್ಣಗಿರುವುದನ್ನು ತೆಲುಗಿನಲ್ಲೇ ಹೇಳಬೇಕು.

ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಾರು ಶೆಡ್ಡಿನ ಮುಂದೆ ನಿಂತಿತ್ತು. ಮನೆಗೆ ಹೋಗಿ ಹೆಂಡತಿ ಭಾರತಮ್ಮನನ್ನು ಕೂರಿಸಿಕೊಂಡು ಕೆರೆ ಏರಿ ದಾಟುವಷ್ಟರಲ್ಲಿ ಎಸಿ ಬಿಸಿಗಾಳಿ ಊದಿತಂತೆ. ಸುಗ್ರಾ ಕೈಲಿದ್ದ ಕೆಲಸ ಬಿಟ್ಟು ಬಂದಳು. ಮೀಟರ್ ಹಚ್ಚಿದಳು. ಗ್ಯಾಸ್ ಹಾಕಿದ್ದು ಹಾಕಿದಂತೆಯೇ ಇತ್ತು. ಎಸಿ ಆನ್ ಮಾಡಿದಳು. ಏಳು ಡಿಗ್ರಿ. ಅರ್ಧ ಗಂಟೆ ಓಡಿಸಿದರೂ ಏಳು ಡಿಗ್ರಿ.

"ಸರಿಯಾಗೇ ಇದ್ಯಲ್ಲ ಅಣ್ಣ?"

"ಇಲ್ಲಿ ಸರಿಯಾಗಿದೆ. ನಮ್ಮೋಳು ಕೂತ್ರೆ ನಿಲ್ತದೆ."

ಹೋದ. ಎರಡು ದಿನ ಬಿಟ್ಟು ಮತ್ತೆ ಬಂದ. ಅದೇ ದೂರು. ಅವನೊಬ್ಬನೇ ಇದ್ದರೆ ತಣ್ಣಗೆ, ಹೆಂಡತಿ ಪಕ್ಕ ಕೂತರೆ ಬಿಸಿ. ಸುಗ್ರಾ ತಾನೇ ಆ ಸೀಟಿನಲ್ಲಿ ಕೂತು ಕೋಲಾರದ ದಾರಿಯಲ್ಲಿ ಅರ್ಧದ ತನಕ ಹೋಗಿಬಂದಳು. ತಣ್ಣಗಿತ್ತು. ಜಾನ್ ಪಾಷಾನನ್ನು ಕೂರಿಸಿದಳು. ತಣ್ಣಗಿತ್ತು. ಭಾರತಮ್ಮ ಮೈಕೈ ತುಂಬಿಕೊಂಡ ಹೆಂಗಸು, ಭಾರಕ್ಕೆ ಏನಾದರೂ ಒತ್ತುತ್ತಿರಬಹುದು ಎಂದು ಜಾನ್ ಪಾಷಾ ಲೆಕ್ಕ ಹಾಕಿ ಎದುರಿನ ಅಂಗಡಿಯಿಂದ ಎರಡು ಬೂಸಾ ಮೂಟೆ ತಂದು, ಸೀಟಿನ ಮೇಲೆ ಒಂದರ ಮೇಲೊಂದು ಕೂರಿಸಿ, ಬಿದ್ದುಹೋಗದಂತೆ ಬೆಲ್ಟು ಹಾಕಿದ. ಮೂಟೆಗಳು ಒಂದು ಗಂಟೆ ಹೆದ್ದಾರಿಯ ಮೇಲೆ ತಂಪಾಗಿ ಪ್ರಯಾಣ ಮಾಡಿ ಬಂದವು.

"ಬೂಸಾಕ್ಕೆ ನೆಗಡಿ ಬರೋದೊಂದ್ ಬಾಕಿ" ಅಂದ ಜಾನ್ ಪಾಷಾ. "ಎಸಿ ಮಾತ್ರ ನಿಲ್ಲಲಿಲ್ಲ ನೋಡು."

ದೊಡ್ಡಮುನಿಯಪ್ಪ ಮೂಟೆಗಳನ್ನೂ ಆಕಾಶವನ್ನೂ ನೋಡಿ ನಿಟ್ಟುಸಿರು ಬಿಟ್ಟ. "ಅಂದ್ರೆ ದೋಷ ಕಾರಿಂದಲ್ಲ. ನಮ್ಮೋಳ್ದು ಉಷ್ಣದ ಮೈ. ಮದುವೆ ಆದಾಗಿಂದ ನಂಗೊತ್ತು, ಇಷ್ಟೊಂದಿದೆ ಅಂತ ಗೊತ್ತಿರ್ಲಿಲ್ಲ."

ಈ ಮಾತನ್ನು ಅವನು ಶೆಡ್ಡಿನಲ್ಲೇ ಬಿಟ್ಟು ಹೋಗಿದ್ದರೆ ಆಗುತ್ತಿತ್ತು. ಸಂಜೆ ಹಾಲು ಹಾಕುವಾಗ ಡೇರಿಯಲ್ಲೂ ಹೇಳಿದ. ಹಾಲಿನ ಡೇರಿಯಲ್ಲಿ ಒಂದು ಮಾತು ಹೇಳಿದರೆ ಹಾಲಿನ ಜೊತೆ ಅದೂ ಮನೆಮನೆಗೆ ಹೋಗುತ್ತದೆ. ಭಾರತಮ್ಮ ಕೂತರೆ ಎಸಿ ನಿಲ್ಲುತ್ತದೆ ಎಂದು ಶುರುವಾದದ್ದು, ಎರಡು ದಿನದಲ್ಲಿ ಭಾರತಮ್ಮ ಹಾಯ್ದುಹೋದರೆ ಫ್ರಿಜ್ಜಿನ ಐಸು ಕರಗುತ್ತದೆ ಎಂಬಲ್ಲಿಗೆ ಬಂತು. ಪಕ್ಕದ ಮನೆಯ ದೊಡ್ಡಗಂಗಮ್ಮ ಒಂದು ಮಧ್ಯಾಹ್ನ ಹಪ್ಪಳದ ಮೊರ ತಂದು ಜಗಲಿಯ ಮೇಲೆ ಕೂತಿದ್ದ ಭಾರತಮ್ಮನ ಮಗ್ಗುಲಿಗೆ ಇಟ್ಟಳು.

"ಇದ್ಯಾಕೆ ಇಲ್ಲಿ ಇಟ್ಟೆ?"

"ಮೋಡ ಕವಿದೈತೆ ಅಕ್ಕ, ನಿನ್ನ ಪಕ್ಕ ಬೇಗ ಒಣಗ್ತದೆ" ಎಂದು ಹೇಳಿ ದೊಡ್ಡಗಂಗಮ್ಮ ನಗು ತಡೆಯಲಾರದೆ ಓಡಿಹೋದಳು.

ಭಾರತಮ್ಮ ಮಾತಿಗೆ ಬಗ್ಗುವವಳಲ್ಲ. ಆದರೆ ಎಲ್ಲರೂ ಹೇಳತೊಡಗಿದರೆ ಯಾರಿಗಾದರೂ ಒಂದು ಅನುಮಾನ ಬರುತ್ತದೆ. ಮುಂದಿನ ಭಾನುವಾರ ಶ್ರೀನಿವಾಸಪುರದಲ್ಲಿ ಮಗಳು ಅನಿತಾಳ ಮಗುವಿನ ತೊಟ್ಟಿಲು ಶಾಸ್ತ್ರವಿತ್ತು. ಎರಡನೆಯ ಹೆರಿಗೆಯಾದ್ದರಿಂದ ಬಾಣಂತನ ಅತ್ತೆಮನೆಯಲ್ಲೇ. ಬೀಗಿತ್ತಿ ಮುನಿಶಾಮಮ್ಮನಿಗೆ ಭಾರತಮ್ಮ ಕಾರು ಕೊಂಡ ದಿನವೇ "ಎಸಿ ಕಾರು" ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಎಸಿ ಕೆಟ್ಟಿದ್ದ ತಿಂಗಳಲ್ಲಿ ಮಗುವನ್ನು ನೋಡಲು ಹೋದಾಗಲೂ ಬೀಗರ ಬೀದಿ ಬಂದ ಕೂಡಲೇ ಗ್ಲಾಸು ಏರಿಸಿಕೊಂಡು, ಬೆವರು ಸುರಿಯುತ್ತಿದ್ದರೂ ಸೆರಗು ಹೊದ್ದು ಚಳಿಯಾದವಳಂತೆ ಇಳಿದಿದ್ದಳು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಮರ್ಯಾದೆ ಅದು.

ಅದಕ್ಕೇ ಅವಳು ಮೈಯನ್ನು ತಂಪು ಮಾಡಿಕೊಳ್ಳಲು ಹೊರಟಳು. ಬೆಳಿಗ್ಗೆ ಮೆಂತ್ಯದ ನೀರು, ಹತ್ತು ಗಂಟೆಗೆ ಎಳನೀರು, ಮಧ್ಯಾಹ್ನ ರಾಗಿ ಅಂಬಲಿಗೆ ಮಜ್ಜಿಗೆ, ಸಂಜೆ ನೆತ್ತಿಗೆ ಹರಳೆಣ್ಣೆ. ಐದನೆಯ ದಿನಕ್ಕೆ ಮೇ ತಿಂಗಳ ಬಿಸಿಲಿನಲ್ಲಿ ಮೂಗು ಕಟ್ಟಿ ಸೀನತೊಡಗಿದಳು. ಆಗ ಕಾರಿನಲ್ಲಿ ಕೂತಳು. ಕೆರೆ ಏರಿ ದಾಟುವಷ್ಟರಲ್ಲಿ ಎಸಿ ಬಿಸಿಗಾಳಿ ಊದಿತು.

ಅವತ್ತೇ ಮುನಿಶಾಮಮ್ಮನ ಫೋನು ಬಂತು. ಸುದ್ದಿ ಅಲ್ಲಿಯವರೆಗೆ ಹೋಗಿತ್ತು. "ಬೀಗ್ತಿ, ಭಾನುವಾರ ನೀವು ಬಸ್ಸಲ್ಲೇ ಬಂದ್ಬಿಡಿ, ಪಾಪ ಕಾರು ಯಾಕೆ ಸುಡಬೇಕು" ಅಂದಳಂತೆ, ಬಹಳ ಕಾಳಜಿಯ ದನಿಯಲ್ಲಿ. ಭಾರತಮ್ಮ ಫೋನು ಕೆಳಗಿಟ್ಟು, ಇನ್ನು ಈ ಜನ್ಮದಲ್ಲಿ ಆ ಕಾರು ಹತ್ತುವುದಿಲ್ಲ ಎಂದು ಗಂಡನಿಗೆ ಹೇಳಿ, ಬಾಗಿಲು ಹಾಕಿಕೊಂಡಳು.

ಇತ್ತ ಸುಗ್ರಾಳಿಗೂ ಊಟ ಸೇರುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮೂರನೆಯ ಸಲ ಡಬ್ಬಿಗೆ ಕೈ ಹಾಕಿದಾಗ ಜಾನ್ ಪಾಷಾ ಕೈ ಹಿಡಿದ.

"ನಕ್ಕೋ ಸುಗ್ರಾ, ಸಾಕು. ಏನ್ ಯೋಚ್ನೆ? ಕ್ಯಾ ಸೋಚ್‌ರೈ?"

"ಮೂಟೆ ಕೂತ್ರೆ ನಿಲ್ಲಲ್ಲ, ನೀವು ಕೂತ್ರೆ ನಿಲ್ಲಲ್ಲ, ಆಯಮ್ಮ ಕೂತ್ರೆ ಮಾತ್ರ ನಿಲ್ತದೆ. ಹಂಗಿದ್ರೆ ಆಯಮ್ಮ ಕೂತಾಗ್ಲೇ ನೋಡ್ಬೇಕು. ಗ್ಯಾಸು, ಪಂಪು ಎಲ್ಲ ನೋಡ್ದೆ. ಕೂರೋರನ್ನ ನೋಡ್ಲೇ ಇಲ್ಲ."

ಶನಿವಾರ ಬೆಳಿಗ್ಗೆ ಮೀಟರು, ಥರ್ಮಾಮೀಟರು, ಸ್ಕ್ರೂಡ್ರೈವರುಗಳ ಚೀಲ ಹಿಡಿದು ಸುಗ್ರಾ ಬಸ್ಸಿನಲ್ಲಿ ದೇವರಾಯಸಮುದ್ರಕ್ಕೆ ಹೋದಳು. ಭಾರತಮ್ಮ ಜಗಲಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಚೀಲ ನೋಡಿದವಳೇ ಯಾರೆಂದು ತಿಳಿದು ಮುಖ ತಿರುಗಿಸಿಕೊಂಡಳು. ಸುಗ್ರಾ ಕರೆಯದೆಯೇ ಕೂತು, ತಾನೂ ಒಂದು ಹಿಡಿ ಹುರುಳಿಕಾಯಿ ತೆಗೆದುಕೊಂಡು ನಾರು ತೆಗೆಯತೊಡಗಿದಳು. ಅರ್ಧ ಬುಟ್ಟಿ ಮುಗಿಯಿತು.

"ಭಾರತಕ್ಕ, ಒಂದೇ ಒಂದ್ ಸಲ ಕಾರಲ್ಲಿ ಕೂತ್ಕೊಳ್ಳಿ. ನಂಗೋಸ್ಕರ."

"ಯಾಕಮ್ಮ, ನಿನ್ನ ಮಿಷಿನ್ನು ಸುಡಬೇಕಾ?"

"ನಮ್ಮತ್ತೆ ಹಿಂಗೇ ಅಂತಿದ್ರು ಅಕ್ಕ. ನಾನು ಮುಟ್ಟಿದ ಹಾಲು ಒಡೀತದೆ ಅಂತ. ಎರಡ್ ವರ್ಷ ನಂಬ್ಕೊಂಡಿದ್ದೆ. ಆಮೇಲೆ ನೋಡಿದ್ರೆ ಹಾಲಿನ ಪಾತ್ರೇಲಿ ಅವ್ರೇ ಹುಣಸೆಹಣ್ಣು ನೆನೆ ಹಾಕ್ತಿದ್ರು."

ಭಾರತಮ್ಮನ ಮುಖ ಸಡಿಲವಾಯಿತು. ನಗಬೇಕೆಂದು ಬಾಯಿ ತೆರೆದಳು, ಸೀನು ಬಂತು. ಎದ್ದು ಒಳಗೆ ಹೋದವಳು ಬದಲಿ ಸೀರೆ ಉಟ್ಟುಕೊಂಡು ಬಂದಳು. "ಪ್ರಯಾಣಕ್ಕೆ ಹೊರಡೋ ಹಂಗೇ ಹೊರಡ್ತೀನಿ. ನೀನು ಹಿಂದೆ ಕೂತ್ಕೋ. ಇವ್ರು ಓಡಿಸ್ಲಿ."

ಸುಗ್ರಾ ಹಿಂದಿನ ಸೀಟಿನಲ್ಲಿ ಕೂತು ಎರಡು ಸೀಟುಗಳ ನಡುವೆ ಕತ್ತು ಚಾಚಿದಳು. ಭಾರತಮ್ಮ ಎಡಗಡೆ ಹತ್ತಿದಳು. ಮೊದಲು ಎದುರಿನ ಪೆಟ್ಟಿಗೆ ತೆಗೆದು, ದಾರಿಯ ದೇವರಿಗೆಂದು ಒಂದು ತೆಂಗಿನಕಾಯಿ ಇಟ್ಟಳು. ವಾಂತಿ ಬಂದರೆ ಇರಲಿ ಎಂದು ನಾಲ್ಕು ನಿಂಬೆಹಣ್ಣು ಇಟ್ಟಳು. ಸೊಂಟದಿಂದ ಹಿತ್ತಾಳೆಯ ಎಲೆಅಡಿಕೆ ಡಬ್ಬಿ ತೆಗೆದು ಅದನ್ನೂ ತುರುಕಿದಳು. ಪೆಟ್ಟಿಗೆ ಮುಚ್ಚಲಿಲ್ಲ. ಅಂಗೈಯಿಂದ ಒಂದು ಗುದ್ದು ಕೊಟ್ಟಳು, ಮುಚ್ಚಿತು. ಆಮೇಲೆ ಚಪ್ಪಲಿ ಕಳಚಿ, ಜಗಲಿಯ ಮೇಲೆ ಕೂರುವಂತೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದಳು. ಎರಡು ಮೊಣಕಾಲೂ ಪೆಟ್ಟಿಗೆಗೆ ಒತ್ತಿಕೊಂಡು ನಿಂತವು.

"ಯಾವಾಗ್ಲೂ ಹಿಂಗೇ ಕೂರ್ತೀರಾ ಅಕ್ಕ?"

"ಕಾಲು ಇಳಿಬಿಟ್ರೆ ಜೋಮು ಹಿಡೀತದೆ ಕಣೇ."

ಕಾರು ಹೊರಟಿತು. ತಣ್ಣನೆಯ ಗಾಳಿ ಬಂತು. ಸುಗ್ರಾ ಕಿವಿ ಕೊಟ್ಟು ಕೇಳುತ್ತಿದ್ದಳು. ಎಸಿಯ ಕಂಪ್ರೆಸರ್ ಹಿಡಿದುಕೊಳ್ಳುವಾಗಲೂ ಬಿಡುವಾಗಲೂ ಟಕ್ ಎಂದು ಸದ್ದು ಮಾಡುತ್ತದೆ. ಕೆರೆ ಏರಿಯ ಹತ್ತಿರ ರಸ್ತೆಯಲ್ಲಿ ದೊಡ್ಡ ಹಳ್ಳ. ಕಾರು ಎತ್ತಿಹಾಕಿತು, ಭಾರತಮ್ಮನ ಮೊಣಕಾಲು ಪೆಟ್ಟಿಗೆಯನ್ನು ಗುದ್ದಿತು. ಟಕ್. ಗಾಳಿ ಬೆಚ್ಚಗಾಯಿತು.

"ನೋಡ್ದಾ? ನಾನು ಹೇಳಿಲ್ವಾ?" ಎಂದ ದೊಡ್ಡಮುನಿಯಪ್ಪ, ಗೆದ್ದವನಂತೆ.

"ನೀವ್ ರಸ್ತೆ ನೋಡಿ ಅಣ್ಣ. ಅಕ್ಕ, ಕಾಲು ಸ್ವಲ್ಪ ಹಿಂದಕ್ಕೆ ತಗೊಳ್ಳಿ."

ಭಾರತಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಟಕ್. ಗಾಳಿ ತಣ್ಣಗಾಯಿತು.

"ಈಗ ಒತ್ತಿ."

ಟಕ್. ಬಿಸಿ. ಕಾಲು ತೆಗೆದಳು. ಟಕ್. ತಂಪು. ಭಾರತಮ್ಮನ ಕಣ್ಣು ಅರಳಿದವು. ಯಾರೂ ಕೇಳದಿದ್ದರೂ ಮೊಣಕಾಲಿನಿಂದ ಐದಾರು ಸಲ ಎಸಿ ಆರಿಸಿ ಹತ್ತಿಸಿದಳು. "ಉಷ್ಣವಂತೆ, ಉಷ್ಣ! ರೀ, ಗಾಡಿ ನಿಲ್ಸಿ. ನಿಮಗೊಂದ್ ಮಾತು ಹೇಳ್ಬೇಕು." ದೊಡ್ಡಮುನಿಯಪ್ಪ ಗಾಡಿ ನಿಲ್ಲಿಸಿ, ಮಾತು ಕೇಳುವ ಮೊದಲೇ ಇಳಿದು, ಕೆರೆಯಲ್ಲಿ ನೀರೆಷ್ಟಿದೆ ಎಂದು ನೋಡಲು ಏರಿಯ ಮೇಲೆ ಬಹಳ ದೂರ ನಡೆದುಹೋದ.

ಸುಗ್ರಾ ಭಾರತಮ್ಮನನ್ನು ಇಳಿಸಿ, ಮುಂದೆ ಬಂದು ಪೆಟ್ಟಿಗೆ ಬಿಚ್ಚಿದಳು. ಕೂಲಿಂಗ್ ಕಾಯಿಲಿನಿಂದ ಬರುವ ಒಂದು ಸಣ್ಣ ವೈರು, ಕಾಯಿಲು ಎಷ್ಟು ತಣ್ಣಗಾಗಿದೆ ಎಂದು ಎಸಿಗೆ ತಿಳಿಸುವ ವೈರು, ತನ್ನ ಕ್ಲಿಪ್ಪಿನೊಳಗೆ ಇರಲಿಲ್ಲ. ಪೆಟ್ಟಿಗೆಯ ಬೆನ್ನಿಗೆ ಜೋತುಬಿದ್ದಿತ್ತು. ತೆಂಗಿನಕಾಯಿ ತುಂಬಿದ ಪೆಟ್ಟಿಗೆ ಮೊಣಕಾಲಿಗೆ ಹಿಂದೆ ಸರಿದಾಗಲೆಲ್ಲ ಆ ವೈರು ಎಳೆದುಕೊಂಡು ಕನೆಕ್ಷನ್ ತಪ್ಪುತ್ತಿತ್ತು. ಶೆಡ್ಡಿಗೆ ಬರುವಾಗ ಪೆಟ್ಟಿಗೆ ಖಾಲಿ. ಬೂಸಾ ಮೂಟೆಗೆ ಮೊಣಕಾಲಿಲ್ಲ.

ಆ ಕ್ಲಿಪ್ಪನ್ನು ಬಿಚ್ಚಿದ್ದವರು ಯಾರು? ಇಟ್ಟಿಗೆಯ ಧೂಳು ತೊಳೆಯುವಾಗ ಸುಗ್ರಾಳೇ ಬಿಚ್ಚಿದ್ದಳು. ವೈರನ್ನು ತಿರುಗಿ ಕ್ಲಿಪ್ಪಿಗೆ ಹಾಕುವುದನ್ನು ಮರೆತು ಪೆಟ್ಟಿಗೆ ಮುಚ್ಚಿದ್ದಳು. ಅವಳ ಕಿವಿ ಬಿಸಿಯಾಯಿತು. ಹಿಂದೆ ನಿಂತಿದ್ದ ಭಾರತಮ್ಮನಿಗೆ ಏನೂ ಕಾಣಿಸುತ್ತಿರಲಿಲ್ಲ. ಅಷ್ಟರಲ್ಲಿ ಜಾನ್ ಪಾಷಾನ ಫೋನು. ಸುಗ್ರಾ ಮೆಲ್ಲಗೆ ಎಲ್ಲ ಹೇಳಿದಳು.

"ಧೂಳು ಅಡ್ಡ ಬಂದಿತ್ತು, ತೆಗೆದೆ ಅಂತ ಹೇಳಿ ಬಾ" ಅಂದ ಅವನು. "ಕಾರಿಗೇನ್ ಬಾಯಿದ್ಯಾ?"

ಸುಗ್ರಾ ಫೋನು ಇಟ್ಟಳು. ವೈರನ್ನು ಕ್ಲಿಪ್ಪಿಗೆ ಕೂರಿಸಿ, ಮೇಲೊಂದು ಟೇಪು ಸುತ್ತಿದಳು. ಎದ್ದು ನಿಂತು, ಏರಿಯ ಮೇಲಿದ್ದ ದೊಡ್ಡಮುನಿಯಪ್ಪನನ್ನು ಕೂಗಿ ಕರೆದು, "ಅಕ್ಕ, ಡೇರಿ ಹತ್ರ ಹೋಗಣ ನಡೀರಿ" ಅಂದಳು.

ಡೇರಿಯ ಮುಂದೆ ಹಸುವಿನ ಫೀಡು ಇಳಿಸುತ್ತಿದ್ದರು. ಹತ್ತು ಹದಿನೈದು ಜನ ಹೆಂಗಸರು ಸೇರಿದ್ದರು, ದೊಡ್ಡಗಂಗಮ್ಮನೂ ಇದ್ದಳು. ಸುಗ್ರಾ ಕಾರಿನಿಂದಿಳಿದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅಮ್ಮಾ, ಕೇಳಿ ಎಲ್ರೂ. ಭಾರತಕ್ಕನ ಮೈಯಲ್ಲಿ ಯಾವ ಉಷ್ಣಾನೂ ಇಲ್ಲ. ವೈರು ಹಾಕೋದು ಮರೆತಿದ್ದು ನಾನು. ತಪ್ಪು ನಂದು."

ಒಂದು ಹಸು ಅಂಬಾ ಎಂದಿತು. ಭಾರತಮ್ಮ ನಿಧಾನವಾಗಿ ಸುಗ್ರಾಳ ಕಡೆ ತಿರುಗಿದಳು. "ನೀನು ಮರೆತೆಯಾ?"

"ಹೂಂ ಅಕ್ಕ."

"ಎರಡ್ ಕೆಜಿ ಮೆಂತ್ಯ ನನ್ನ ಹೊಟ್ಟೇಲಿದೆ. ಹರಳೆಣ್ಣೆ ಇಳಿದು ಎರಡು ದಿಂಬು ಹಾಳಾಯ್ತು." ಅವಳು ಬೈಯಲು ಉಸಿರೆಳೆದುಕೊಂಡಳು. ದೊಡ್ಡ ಸೀನು ಬಂತು. ಇನ್ನೊಂದು ಬಂತು. ಮೂರನೆಯದು ಮುಗಿಯುವಷ್ಟರಲ್ಲಿ ಸುತ್ತ ನಿಂತವರೆಲ್ಲ ನಗುತ್ತಿದ್ದರು. ಕೋಪವನ್ನು ಎಲ್ಲಿ ಬಿಟ್ಟಿದ್ದೆನೆಂದು ಅವಳಿಗೇ ಮರೆತುಹೋಯಿತು. "ಆಯ್ತು ಬಿಡು. ಇಷ್ಟು ಜನದ ಮುಂದೆ ಹೇಳ್ದಲ್ಲ. ಆದ್ರೆ ಇಲ್ಲಿ ಹೇಳಿದ್ರೆ ಸಾಲ್ದು ಕಣೇ. ನಾಳೆ ಶ್ರೀನಿವಾಸಪುರಕ್ಕೆ ಬಂದು ನಮ್ ಬೀಗ್ತಿ ಮುಂದೆ ಇದೇ ಮಾತು ಹೇಳ್ಬೇಕು. ಆ ಕಡ್ಡೀನೂ ತಗೊಂಡ್ ಬಾ." ಕಡ್ಡಿ ಅಂದರೆ ಥರ್ಮಾಮೀಟರು.

ಭಾನುವಾರ ಹನ್ನೊಂದು ಗಂಟೆಗೆ ಕಾರು ಗ್ಲಾಸು ಏರಿಸಿಕೊಂಡು ಬೀಗರ ಮನೆಯ ಬೀದಿಗೆ ಬಂತು. ಭಾರತಮ್ಮ ಈ ಸಲ ನಿಜವಾಗಿಯೂ ನಡುಗುತ್ತಿದ್ದಳು. ಮುನಿಶಾಮಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಸುಗ್ರಾ ಇಳಿದು ತನ್ನ ತಪ್ಪನ್ನು ಎರಡನೆಯ ಸಲ ಒಪ್ಪಿಕೊಂಡಳು. ಸಾಕ್ಷಿಗೆ ಥರ್ಮಾಮೀಟರನ್ನು ತೋರಿಸಿದಳು. ಮುನಿಶಾಮಮ್ಮ ಕಡ್ಡಿಯನ್ನು ನಂಬುವವಳಲ್ಲ. ತಾನೇ ಹತ್ತಿ ಕೂತು ಬಾಗಿಲು ಹಾಕಿಕೊಂಡಳು. ಐದು ನಿಮಿಷ ಆಯಿತು. ಹತ್ತು ನಿಮಿಷ ಆಯಿತು. ಗ್ಲಾಸು ಬಡಿದು "ಹೆಂಗಿದೆ ಬೀಗ್ತಿ?" ಎಂದು ಭಾರತಮ್ಮ ಕೇಳಿದಳು. ಮುನಿಶಾಮಮ್ಮ ಒಂದಿಂಚು ಗ್ಲಾಸು ಇಳಿಸಿ, "ಪರ್ವಾಗಿಲ್ಲ" ಎಂದು ಹೇಳಿ ಮತ್ತೆ ಏರಿಸಿದಳು. ಇಳಿಯಲಿಲ್ಲ.

ಒಳಗೆ ಕರೆಂಟು ಹೋಗಿತ್ತು. ಶಾಮಿಯಾನದ ಕೆಳಗೆ ಸೆಕೆ. ಹೊಸ ಬಟ್ಟೆ, ಬಂಗಾರದ ಸರ, ನೂರು ಜನರ ಉಸಿರು. ಮಗು ಆಕಾಶ ಭೂಮಿ ಒಂದು ಮಾಡಿ ಅಳುತ್ತಿತ್ತು. ತೊಟ್ಟಿಲಿಗೆ ಹಾಕಿದರೆ ಬಿಲ್ಲಿನಂತೆ ಬಾಗುತ್ತಿತ್ತು. ಅನಿತಾ ಸಾಕಾಗಿ ಮಗುವನ್ನೆತ್ತಿಕೊಂಡು ಹೊರಗೆ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಮಗು ಒಂದು ಸಲ ಬಿಕ್ಕಿ, ಸುತ್ತ ನೋಡಿ, ಆಕಳಿಸಿ, ಮಲಗಿಬಿಟ್ಟಿತು.

"ಹೊರಗೆ ತಗೊಂಡ್ರೆ ಏಳ್ತದೆ" ಎಂದಳು ಅನಿತಾ.

"ಮುಹೂರ್ತ ಮೀರ್ತದೆ" ಎಂದರು ಒಳಗಿನವರು.

ಮುನಿಶಾಮಮ್ಮ ಮುಂದಿನ ಸೀಟಿನಿಂದಲೇ ತೀರ್ಪು ಕೊಟ್ಟಳು. "ಶಾಸ್ತ್ರ ಇಲ್ಲೇ ಆಗ್ಲಿ. ತೊಟ್ಟಿಲೂ ತೂಗಾಡ್ತದೆ, ಕಾರೂ ತೂಗಾಡ್ತದೆ. ಏನ್ ವ್ಯತ್ಯಾಸ?" ಅವಳು ಇಳಿಯದಿರಲು ಹೇಳಿದಳೋ, ಮಗುವಿಗಾಗಿ ಹೇಳಿದಳೋ, ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ಎಂಜಿನ್ ಓಡುತ್ತಿರುವಾಗ ದೊಡ್ಡಮುನಿಯಪ್ಪನನ್ನು ಡ್ರೈವರ್ ಸೀಟಿನಲ್ಲಿ ಬಿಡುವುದು ಬೇಡವೆಂದು ಅವನ ಹೆಂಡತಿಯೇ ಅವನನ್ನು ಕೆಳಗಿಳಿಸಿದಳು. ಅಲ್ಲಿ ಸುಗ್ರಾ ಕೂತು, ಒಂದು ಕೈ ಹ್ಯಾಂಡ್ ಬ್ರೇಕಿನ ಮೇಲೆ, ಒಂದು ಕಣ್ಣು ಥರ್ಮಾಮೀಟರಿನ ಮೇಲೆ ಇಟ್ಟಳು. ನಾಲ್ಕು ಜನ ಹೆಂಗಸರು ಕಾರನ್ನು ಮೆಲ್ಲಗೆ ಅಲುಗಿಸಿದರು. ಉಳಿದವರು ಸುತ್ತ ನಿಂತು ಜೋಗುಳ ಶುರುಮಾಡಿದರು. ಮಗುವಿನ ಮುಖ ನೋಡುವ ಆಸೆಗೆ ಪ್ರತಿ ಸಾಲಿಗೂ ಯಾರಾದರೊಬ್ಬರು ಬಾಗಿಲು ತೆಗೆಯುವರು, ಬಿಸಿಗಾಳಿ ನುಗ್ಗುವುದು, ಮುಳ್ಳು ಏಳರಿಂದ ಹನ್ನೆರಡಕ್ಕೆ ಏರುವುದು. "ಬಾಗ್ಲು ಹಾಕ್ರಮ್ಮಾ!" ಎಂದು ಸುಗ್ರಾ ಕೂಗುವಳು. ಅಂದು ಫೋನಿನಲ್ಲಿ ತೆಗೆದ ವೀಡಿಯೊ ಈಗಲೂ ಆ ಮನೆಯವರ ಹತ್ತಿರ ಇದೆ. ಲಾಲಿಯ ಪ್ರತಿ ಸಾಲಿನ ಕೊನೆಗೂ ಒಂದು "ಬಾಗ್ಲು ಹಾಕ್ರಮ್ಮಾ" ಸರಿಯಾದ ತಾಳಕ್ಕೆ ಬಂದು ಬೀಳುತ್ತದೆ. ಕೇಳಿದವರು ಅದು ಆ ಕಡೆಯ ಹಾಡೇ ಇರಬೇಕು ಎಂದುಕೊಳ್ಳುತ್ತಾರೆ.

ಮಗುವಿನ ಸೋದರತ್ತೆ ಶೋಭಾರಾಣಿ ಗ್ಲಾಸಿನ ಸಂದಿಯಿಂದ ತಲೆ ತೂರಿಸಿ, ಕಿವಿಯಲ್ಲಿ ಮೂರು ಸಲ "ಶ್ರೀವಾಣಿ" ಎಂದಳು. ಮಗು ಏಳಲಿಲ್ಲ. ತಲೆಯನ್ನು ಹೊರಗೆ ತೆಗೆಯಲು ಮಾತ್ರ ಸ್ವಲ್ಪ ಕಷ್ಟವಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಭಾರತಮ್ಮ ಸುಗ್ರಾಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ತನ್ನ ಎಲೆಯ ಮಾವಿನಹಣ್ಣನ್ನೂ ಅವಳ ಎಲೆಗೇ ಹಾಕಿದ್ದಳು. ಮುನಿಶಾಮಮ್ಮ ಬಡಿಸುತ್ತ ಬಂದವಳು ಸುಗ್ರಾಳ ಮುಂದೆ ನಿಂತು, ಸುತ್ತ ಯಾರೂ ಕೇಳುತ್ತಿಲ್ಲವೆಂದು ನೋಡಿಕೊಂಡು, ಬಗ್ಗಿ ಮೆಲ್ಲಗೆ ಕೇಳಿದಳು.

"ಅಮ್ಮಾ, ನಮ್ಮನೇಲಿ ಕಾರಿಲ್ಲ. ಟ್ರ್ಯಾಕ್ಟರಿದೆ. ಅದಕ್ಕೆ ಎಸಿ ಹಾಕಕ್ಕಾಗ್ತದಾ?"

ಭಾರತಮ್ಮನಿಗೆ ಪಾಯಸ ನೆತ್ತಿಗೇರಿತು. ಸುಗ್ರಾ ನಗಲಿಲ್ಲ. ಹಣ್ಣು ತಿಂದು ಮುಗಿಸಿ, ಓಟೆಯನ್ನು ಎಲೆಯ ಮೂಲೆಗಿಟ್ಟು, ಕೈ ತೊಳೆದುಕೊಂಡು, "ಮೊದ್ಲು ಗಾಡಿ ತೋರ್ಸಿ ಅಮ್ಮ. ಸುತ್ತ ಬಾಗ್ಲು, ಗ್ಲಾಸು ಎಲ್ಲಿ ಕೂರತ್ತೆ ನೋಡ್ಬೇಕು" ಎನ್ನುತ್ತ ಹಿತ್ತಲಿನ ಕಡೆ ಹೊರಟಳು.